ಮೂರನೇ ವಾರದ ಪಟ್ಟಿ

ಗೋಣಿಕೊಪ್ಪದ ಮೆಡಿಕಲ್ ಶಾಪಿನ ಶಟರ್ ಅರ್ಧಕ್ಕೆಳೆದು
ಪೊನ್ನವ್ವಕ್ಕ ರ‍್ಯಾಂಕಿಂಗ್ ಬರೆಯುತ್ತಿದ್ದಳು, ಹಳೇ ಬಿಲ್ಲಿನ ಬೆನ್ನಿಗೆ.

ಒಂದು, ಕುಟ್ಟ. ಮೂರಕ್ಕೆ ಮೂರು.
ಸಿಕ್ಕವರೆಲ್ಲ ಬಡಪಾಯಿಗಳು, ಆದರೂ ಇರಲಿ.
ಎರಡು, ಪಾಲಿಬೆಟ್ಟ.
ಸಿದ್ದಾಪುರ ಐದಕ್ಕೆ ಜಾರಿದೆ:
ಅವರ ಆರೂಮುಕ್ಕಾಲಡಿ ಸೆಂಟರಿಗೆ
ಕಂಪ್ಯೂಟರೇ ಮಂಡಿನೋವು ಕೊಟ್ಟಿದೆ, ಆರು ವಾರ.

ಅವನಿಗೆ ಮಂಡಿಯೇ ಇಲ್ಲವಲ್ಲಕ್ಕಾ, ಅಂದೆ
ಹಾಕಿ ಸ್ಟಿಕ್ಕಿಗೆ ಟೇಪು ಸುತ್ತುತ್ತ.
ಅವಳು ತಲೆಯೆತ್ತಲಿಲ್ಲ.
ಕೌಂಟರಿನ ಕೆಳಗೆ ಎಡಗೈ
ತನ್ನ ಮಂಡಿಯ ಹಳೇ ಹೊಲಿಗೆ ನೀವುತ್ತಿತ್ತು.

ಕೊನೆಗೆ ಎಂಟು: ಗೋಣಿಕೊಪ್ಪ, ಸ್ವಂತ ತಂಡ,
ಗೆಲುವು ಸೊನ್ನೆ.
ಬರೆದಳು. ಹೊಡೆದುಹಾಕಿದಳು.
ಇನ್ನೂ ಇಪ್ಪತ್ತೈದು ಆಟ ಇದೆಯಲ್ಲ, ಎಂದು
ಏಳಕ್ಕೇರಿಸುವಷ್ಟರಲ್ಲಿ ಕರೆಂಟು ಹೋಯಿತು.

ಕತ್ತಲಲ್ಲೇ ಗೀಚಿದಳು:
ಶನಿವಾರಸಂತೆ, ಎಂಟು.
ಕೇಳಲು ಅಲ್ಲಿಂದ ಯಾರೂ ಬರುವುದಿಲ್ಲ.