ನಾಲ್ಕನೇ ಸೀಟು

ಗುಂಡಿ ಒತ್ತಿ ಹೋಗಿ ಅಕ್ಕಿ ತೊಳೆದೆ.
ಬಂದು ನೋಡಿದರೆ ಇನ್ನೂ ಉರುಳುತ್ತಿತ್ತು
ಬಿಟ್ಟ ಬಳೆಯಂತೆ ಆ ನೀಲಿ ಸುತ್ತು.
ಕುಕ್ಕರು ಮೂರು ಸಲ ಕೂಗಿತು, ಇದು ಏಳಲಿಲ್ಲ.
ತುರ್ಭೆ ಕ್ಯಾಂಟೀನಿನ ತಿಂಗಳ ಲೆಕ್ಕ ನಾಳೆಯೊಳಗೆ ಹೋಗಬೇಕು,
ಇಡ್ಲಿ ಎಷ್ಟು, ವಡೆ ಎಷ್ಟು, ಉದ್ರಿ ಎಷ್ಟು.
ಒಂದು ಅಂಕಿ ಒತ್ತಿದರೆ ಅದು ಪರದೆಗೆ ಬರುವಷ್ಟರಲ್ಲಿ
ಏನು ಒತ್ತಿದೆನೆಂದು ನನಗೇ ಮರೆವು.

ಡೊಂಬಿವಲಿಯಲ್ಲಿ ಸಲಹೆಗೆ ಬರವಿಲ್ಲ.
ಎದುರುಮನೆಯ ಕಾಕಾ: ಹೊಸದು ತಗೊಳ್ಳಿ.
ಇವರು, ಶರ್ಟಿನ ಗುಂಡಿ ಹಾಕುತ್ತಾ: ಆಫ್ ಮಾಡಿ ಆನ್ ಮಾಡು.
ನಾನು ಅದರ ನೆತ್ತಿಗೆ ಎರಡು ಬಾರಿಸಿದೆ.

ಭೋಯಿರರ ಹುಡುಗ ಬಂದ,
ಚಪ್ಪಲಿ ಹೊರಗೆ, ಬ್ಯಾಗು ಎದೆಗೆ,
ಇನ್ನೂ ಗಾಡಿಯಲ್ಲೇ ನಿಂತ ಹಾಗೆ.
ಮುಚ್ಚಳ ಬಿಚ್ಚಿ ಧೂಳು ಊದಿದ.
ಒಂದು ಸತ್ತ ಜಿರಳೆ ಸಿಕ್ಕಿತು, ಅದು ಕಾರಣವಲ್ಲ ಎಂದ.
ಆಮೇಲೆ ಮೂರು ಕೀಲಿ ಒಟ್ಟಿಗೆ ಒತ್ತಿ ಒಂದು ಪಟ್ಟಿ ಬಿಡಿಸಿದ.
"ಕಾಕೂ, ಮಶೀನು ಕೆಟ್ಟಿಲ್ಲ. ಒಳಗೆ ಗರ್ದಿ."

ಗರ್ದಿ ಏನೆಂದು ನನಗೆ ಹೇಳಬೇಕೇ?
ಹದಿನೇಳು ವರ್ಷ, ಎಂಟು ಹದಿನಾಲ್ಕರ ಫಾಸ್ಟ್‌ನಲ್ಲಿ
ಮೂವರ ಬೆಂಚಿನ ನಾಲ್ಕನೇ ಸೀಟು ನನ್ನದಾಗಿತ್ತು,
ಒಂದು ತೊಡೆ ಹಲಗೆಯ ಮೇಲೆ, ಇನ್ನೊಂದು ಗಾಳಿಯ ಮೇಲೆ.
ಇಲ್ಲೂ ಅದೇ. ನಾನು ಕರೆದದ್ದು ಲೆಕ್ಕದ ಪುಸ್ತಕ ಒಂದನ್ನೇ,
ಅದು ಅಂಚಿನಲ್ಲಿ ಜೋತಾಡುತ್ತಿದೆ.
ಕಿಟಕಿಯ ಪಕ್ಕ ಕೂತವರು ಯಾರು ಯಾರೋ,
ಕರೆಯದೆ ಹತ್ತಿದವರು, ಇಳಿಯುವ ಊರು ಇಲ್ಲದವರು.

ಎರಡು ವೈರಸ್ ಕಾವಲುಗಾರರು,
ಒಬ್ಬನ ಜೇಬು ಇನ್ನೊಬ್ಬ ತಡಕುತ್ತಾ ದಿನವಿಡೀ.
ನಿಶಾಂತ ದಸರಾ ರಜೆಯಲ್ಲಿ ಇಳಿಸಲಿಟ್ಟ ಸಿನಿಮಾ,
ನೂರಕ್ಕೆ ಅರವತ್ತೊಂದರಲ್ಲಿ ನಿಂತು ಇನ್ನೂ ಕೈಚಾಚಿದೆ.
ಯಾವುದೋ ಪರದೇಶದ ಹವಾಮಾನ: ಇಂದು ಹಿಮ.
ಮತ್ತೆ ಪ್ರಿಂಟರಿನ ಸಹಾಯಕ.
ಪ್ರಿಂಟರು ಭಂಗಾರಿಗೆ ಹೋಗಿ ಎರಡು ಮಳೆಗಾಲವಾಯಿತು,
ನೂರಾ ನಲವತ್ತು ರೂಪಾಯಿಗೆ.
ಇವನಿಗೆ ಯಾರೂ ಹೇಳಿಲ್ಲ.
ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು
ಶಾಯಿ ಇದೆಯೇ, ಕಾಗದ ಇದೆಯೇ ಎಂದು
ಇಲ್ಲದ ಬಾಗಿಲಿಗೆ ಹೋಗಿ ಕೇಳಿ ಬರುತ್ತಾನೆ.

ಹುಡುಗ ಒಂದೊಂದನ್ನೇ ಇಳಿಸುತ್ತಾ ಹೋದ,
ಠಾಣೆಗೆ ಒಂದು, ಘಾಟ್ಕೋಪರಿಗೆ ಒಂದು.
ಒಂದರ ಮೇಲೆ ಬಾಣ ನಿಲ್ಲಿಸಿ ನನ್ನ ಮುಖ ನೋಡಿದ.

ಮದುವೆ ಸಂಬಂಧದ್ದು. ಅತ್ತೆ ಇದ್ದಾಗ
ಪ್ರಫುಲ್ಲಾಳ ಹೆಸರಲ್ಲಿ ಇವರು ಹಾಕಿದ್ದು.
ಎತ್ತರ, ನಕ್ಷತ್ರ, ಬಳಿ, ಗೋಧಿ ಬಣ್ಣ.
ವಯಸ್ಸು ಇಪ್ಪತ್ತೊಂಬತ್ತು ಅಂತಲೇ ಇದೆ.
ಹನ್ನೊಂದು ವರ್ಷ ನಾನು ವಡೆಯ ಲೆಕ್ಕ ಬರೆಯುವಾಗ
ಅದು ಹಿಂದೆ ಕೂತು, ಸದ್ದಿಲ್ಲದೆ,
ಗಂಡು ನೋಡುತ್ತಲೇ ಇತ್ತು.

ಆಗಲೇ ಬಂದಳು ಪ್ರಫುಲ್ಲಾ ರಾತ್ರಿಪಾಳಿ ಮುಗಿಸಿ,
ಮೈಯಲ್ಲಿ ಆಸ್ಪತ್ರೆಯ ವಾಸನೆ, ಕೈಯಲ್ಲಿ ಕೊತ್ತಂಬರಿ ಕಟ್ಟು.
ಪರದೆಗೆ ಅಡ್ಡ ನಿಲ್ಲಲು ಹೊರಟೆ, ನನ್ನ ಅಗಲ ಸಾಲಲಿಲ್ಲ.
ಹೆಗಲ ಮೇಲಿಂದ ಬಗ್ಗಿ ಪೂರ್ತಿ ಓದಿದಳು.
"ಎಷ್ಟು ತಿನ್ನುತ್ತದೆ ಇದು?"
ನೂರಕ್ಕೆ ಇಪ್ಪತ್ತೆರಡು ಎಂದ ಹುಡುಗ.
"ಅಬ್ಬಾ, ನನಗೇ ಇಷ್ಟು ಹಸಿವಿರಲಿಲ್ಲ."
ಕೊತ್ತಂಬರಿ ನನ್ನ ಕೈಗಿತ್ತು ಮೌಸು ತಾನೇ ಹಿಡಿದಳು.
ಒಂದು ಟಕ್.
ದಿನಾ ಸೂಜಿ ಚುಚ್ಚುವವಳ ಬೆರಳು,
ನೋವಾಯಿತೋ ಇಲ್ಲವೋ ತಿಳಿಯದು.
"ಚಹಾ ಇಡ್ತೀಯಾ ಅತ್ತಿಗೆ?"

ಪೆಟ್ಟಿಗೆಯೊಳಗಿನ ಫ್ಯಾನು ದನಿ ತಗ್ಗಿಸಿತು.
ಮುನ್ನೂರು ಕೇಳಿದ, ಇನ್ನೂರೈವತ್ತು ಕೊಟ್ಟೆ,
ಉಳಿದದ್ದಕ್ಕೆ ಚಹಾ, ಎರಡು ಬಿಸ್ಕತ್ತು.
ಈಗ ಅಂಕಿ ಒತ್ತಿದ ಕೂಡಲೇ ಬಂದು ಕೂರುತ್ತದೆ.
ಉದ್ರಿ ಒಂಬತ್ತು ಸಾವಿರದ ನಾನೂರು.

ಪ್ರಿಂಟರಿನವನನ್ನು ಮಾತ್ರ ಇಳಿಸಬೇಡ ಎಂದಿದ್ದೆ.
ಯಾಕೆ ಕಾಕೂ ಎಂದ. ನನಗೆ ಉತ್ತರ ಹೊಳೆಯಲಿಲ್ಲ.
ನೂರಕ್ಕೆ ಒಂದು ಅಷ್ಟೆ.
ತಿನ್ನಲಿ.