ನಾಲ್ಕಕ್ಕೆ ಎಳೆಯುವ ಬಾಗಿಲು

ಸಾಂತೋಸಿನ ಈ ಬಂದರಿನಲ್ಲಿ
ಬಾಗಿಲು ಎಳೆಯುವುದು ನನ್ನ ಕೆಲಸ.
ನಾಲ್ಕು ಅಂದರೆ ನಾಲ್ಕು.
ಅತ್ತವರನ್ನು ನೋಡಿದ್ದೇನೆ, ಬೈದವರನ್ನು,
ಉಂಗುರ ಕಳಚಿ ಲಂಚಕ್ಕೆ ಚಾಚಿದ ಮದುಮಗನನ್ನೂ.
ಸಾವ್ ಪಾವ್ಲೊದಿಂದ ಇಳಿಯುವ ಘಟ್ಟದಲ್ಲಿ
ಮಂಜು ಕೂತಿತೆಂದರೆ
ಕಾರುಗಳೆಲ್ಲ ದೀಪ ಹಚ್ಚಿಕೊಂಡು ಕೂತಲ್ಲೇ.
ಮಂಜಿಗೆ ಯಾವ ಹಡಗೂ ಹತ್ತುವುದಿಲ್ಲ,
ಅವಸರ ಏಕೆ?

ಆ ಇಬ್ಬರು ಮಾತ್ರ ಬಂದದ್ದು
ಒಂದು ದಿನ ಮೊದಲು.

ಶುಕ್ರವಾರ. ಖಾಲಿ ಶೆಡ್ಡು.
ನೆಲ ಒರೆಸುವ ವಾಲ್ದೆಸಿ, ಅವನ ಬಕೆಟ್ಟು,
ಹಡಗು ನಿಲ್ಲುವಲ್ಲಿ ಬರೀ ನೀರು, ಅದರ ಮೇಲೆ
ಡೀಸೆಲ್ಲಿನ ಏಳು ಬಣ್ಣ.
ಅಕ್ಕ ಜುಲೇಯ್ಡಿ, ತಂಗಿ ಇರಾಸಿ,
ಎರಡು ಮುಖ, ಒಂದೇ ಮೂಗು.
ಮಿನಾಸಿನ ಒಳನಾಡಿನಿಂದ ಮೂರು ಬಸ್ಸು ಬದಲಿಸಿ
ಹದಿನಾರು ತಾಸು ಮಡಿಲಲ್ಲೇ ಹೊತ್ತು ತಂದ
ಚೀಸಿನ ಗಂಟು.

"ಹಡಗೆಲ್ಲಿ?"
"ನಾಳೆ, ಅಮ್ಮಾ."
"ಗೊತ್ತು, ಗೊತ್ತು. ತಪ್ಪಿಹೋದೀತು ಅಂತ..."
ಜುಲೇಯ್ಡಿ ತಪ್ಪೊಪ್ಪಿಗೆಯ ದನಿಯಲ್ಲಿ ಅಂದಳು:
"ನಮ್ಮದು ತಡದ ವಂಶ.
ಅಪ್ಪ ತನ್ನ ಮದುವೆಗೇ ತಡ.
ಇವಳು ಹುಟ್ಟಿದ್ದು ಸೂಲಗಿತ್ತಿ ಎದ್ದು ಹೋದ ಮೇಲೆ.
ಸಮುದ್ರಕ್ಕೆ ಬಂದಿದ್ದೇವೆ, ನೋಡು,
ನನಗೆ ಎಪ್ಪತ್ತನಾಲ್ಕು, ಇವಳಿಗೆ ಎಪ್ಪತ್ತೊಂದು."

ಇರಾಸಿ ಕಟ್ಟೆಯಂಚಿಗೆ ಹೋಗಿ ಬಗ್ಗಿ ನೋಡಿದಳು.
"ಇದೇ ಏನು?" ದನಿಯಲ್ಲಿ
ಅಳತೆ ಕಡಿಮೆ ಬಂದ ಬಟ್ಟೆ ಮುಟ್ಟಿದವಳ ಬೇಸರ.

ನಾನು ಸುಮ್ಮನಿರಬಹುದಿತ್ತು.
"ಇದು ಅಳಿವೆ, ಅಮ್ಮಾ. ಸಮುದ್ರ ಊರಿನ ಆ ಮಗ್ಗುಲಿಗೆ,
ಬಸ್ಸಿನಲ್ಲಿ ಕಾಲು ಗಂಟೆ" ಅಂದುಬಿಟ್ಟೆ.

ಮಾರನೆಯ ದಿನ ಬಂತು ಹಡಗು,
ಬೀದಿಯನ್ನೇ ನಿಲ್ಲಿಸಿ ಬೆಳಕು ಹಾಕಿದ ಹಾಗೆ.
ಮೂರು ಸಾವಿರ ಮಂದಿ, ಮೂರು ಸಾವಿರ ಟೋಪಿ.
ಮೂರೂವರೆಗೆ ನನ್ನ ಪಟ್ಟಿಯಲ್ಲಿ
ಗೀಟು ಬೀಳದೆ ಉಳಿದವು ಎರಡೇ ಹೆಸರು.

ಹನ್ನೊಂದು ವರ್ಷ ನಾನು
ಗಡಿಯಾರ ನೋಡಿದವಳು, ದಾರಿ ನೋಡಿದವಳಲ್ಲ.
ಮೂರು ನಲವತ್ತು. ವಾಕಿಟಾಕಿ ಕೆಮ್ಮಿತು.
ಮೂರು ಐವತ್ತು. ಎದುರಿನ ರೈಲುಹಳಿಯ ಮೇಲೆ
ಸಕ್ಕರೆ ಹೇರಿದ ಗೂಡ್ಸ್ ಗಾಡಿ,
ಒಂದಾದ ಮೇಲೊಂದು ಡಬ್ಬಿ, ಮುಗಿಯಲೇ ಒಲ್ಲದು.
ಆ ಬದಿಗೆ ಯಾರಿದ್ದಾರೋ ಕಾಣದು.
ಬೀಗದ ಕೈ ಬೆವರುತ್ತಿತ್ತು. ಅಥವಾ ನನ್ನ ಕೈ.

ಕೊನೆಯ ಡಬ್ಬಿ ಸರಿಯಿತು.
ಚಪ್ಪಲಿ ಕೈಯಲ್ಲಿ, ಲಂಗದಂಚು ಒದ್ದೆ,
ಹಿಮ್ಮಡಿಯಿಂದ ಮೊಣಕಾಲಿನವರೆಗೆ ಮರಳು,
ಓಡಿ ಬರುತ್ತಿದ್ದರು ಇಬ್ಬರೂ, ನಗುತ್ತ,
ಶಾಲೆ ತಪ್ಪಿಸಿ ಸಿಕ್ಕಿಬಿದ್ದವರ ಹಾಗೆ.
ಹಿಂದೆ ಎಳನೀರು ಮಾರುವ ಹುಡುಗ,
ಅವನ ತ್ರಿಚಕ್ರದಲ್ಲಿ ಕಾಯಿಗಳ ಮೇಲೆ
ಕುಲುಕುವ ಎರಡು ಪೆಟ್ಟಿಗೆ.

ಆಗ ಗಂಟೆ ಎಷ್ಟಾಗಿತ್ತೆಂದು
ನನ್ನನ್ನು ಕೇಳಬೇಡಿ.

ತಪಾಸಣೆಯ ಜುರಾಂದೀರ್ ಮಾತ್ರ
ಚೀಲದಿಂದ ಬಾಟಲಿಯೊಂದನ್ನು ಮೇಲೆತ್ತಿದ.
"ಏನಿದು?"
"ಸಮುದ್ರ" ಅಂದಳು ಇರಾಸಿ.
"ಅಜ್ಜೀ, ಎಂಟು ದಿನ ನೀವು ಅದರ ಮೇಲೇ ಇರುತ್ತೀರಲ್ಲ!"
"ಅದು ಹಡಗಿನವರದು.
ಇದು ನಾನು ಹಿಡಿದದ್ದು."

ಹೊರಗಿನ ದ್ರವ ಒಳಗೆ ಬಿಡುವಂತಿಲ್ಲ. ನಿಯಮ.
ಅವಳು ವಾದಿಸಲಿಲ್ಲ.
ಬಾಟಲಿಯನ್ನು ಸೆರಗಿನಲ್ಲಿಡುವ ಕೂಸಿನಂತೆ ತಂದು
ನನ್ನ ಮೇಜಿನ ಮೇಲಿಟ್ಟಳು.
"ನೋಡಿಕೊಂಡಿರು. ಮುಂದಿನ ಶನಿವಾರ ಒಯ್ಯುತ್ತೇನೆ."

ಈ ಊರಲ್ಲೇ ಹುಟ್ಟಿದವಳು ನಾನು.
ಯಾವ ಹಡಗನ್ನೂ ಹತ್ತಿಲ್ಲ, ಹತ್ತುವ ಆಸೆಯೂ ಅಷ್ಟಿಲ್ಲ.
ಈಗ ಖಾನೆ ಎಳೆದಾಗೆಲ್ಲ
ರಬ್ಬರ್ ಮೊಹರು, ಪಿನ್ನುಗಳ ಡಬ್ಬಿಯ ಪಕ್ಕ
ಅದು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ.
ತಳದಲ್ಲಿ ಒಂದು ಚಿಟಿಕೆ ಮರಳು.

ಹಡಗು ಮರಳುವುದು ಶನಿವಾರ ಬೆಳಿಗ್ಗೆ ಏಳಕ್ಕೆ.
ಆ ದಿನ ನನಗೆ ರಜೆ.
ಆರಕ್ಕೇ ಬಂದಿರಬೇಕು.
ಐದೂವರೆಗೆ ಬಂದರೂ ಆದೀತು.