ಎಳೆ ಸಿಕ್ತಾ

ಶಿಡ್ಲಘಟ್ಟದಲ್ಲಿ ಬೆಳಕು ಹರಿಯುವ ಮುಂಚೆ
ಹಬೆ ಹರಿಯುತ್ತದೆ.
ಅಬ್ಬಾ ಕುದಿನೀರಿಗೆ ಬೆರಳದ್ದಿ
ಗೂಡುಗಳ ಗುಂಪಲ್ಲಿ ಎಳೆಯ ತುದಿ ಹುಡುಕುತ್ತಾರೆ,
ಕಣ್ಣು ಮಾತ್ರ ಬೆಕ್ಕಿನ ಮೇಲೆ.
ಮಹಡಿಯ ಕೋಣೆಯಲ್ಲಿ ನಾನು,
ರಾತ್ರಿಯಿಡೀ ಓಡಿದ ಲೆಕ್ಕದ ಮುಂದೆ.
"ತಸ್ಕೀನ್, ಎಳೆ ಸಿಕ್ತಾ?"
"ಇಲ್ಲ ಅಬ್ಬಾ, ಇನ್ನೂ ಕಲೀತಿದೆ."

ಕಲಿಯುತ್ತಿರುವುದು ಕಂಪ್ಯೂಟರಿನೊಳಗಿನ ಒಂದು ಜಾಲ.
ಅದರ ಪಾಠ, ಎಲ್ಲಕ್ಕಿಂತ ಹಳೆಯ ಬೆಳಕು.
ನಕ್ಷತ್ರ ಹುಟ್ಟುವ ಮುಂಚೆ ಹೊರಟಿದ್ದು
ನೆಟ್ಟಗೆ ಬರಬೇಕಿತ್ತು, ಬರಲಿಲ್ಲ.
ದಾರಿಯುದ್ದ ಕಾಣದ ಭಾರಗಳು
ಸೆರಗು ಹಿಡಿದು ಜಗ್ಗಿದವು.
ಕೂದಲೆಳೆಯಷ್ಟೇ ಸೊಟ್ಟ.
ಆ ಸೊಟ್ಟದ ಹಿಂದೆ
ಮೊದಲ ಕ್ಷಣದ ಸುಳಿಯೊಂದು ಅಡಗಿರಬಹುದು,
ಇಲ್ಲದೆಯೂ ಇರಬಹುದು.

ಹತ್ತು ಸಾವಿರ ಸುಳ್ಳು ಆಕಾಶ ಮಾಡಿದೆ.
ಒಂದೊಂದನ್ನೂ ನಾನೇ ಹಿಂಡಿ, ತಿರುಚಿ,
ಬಿಚ್ಚು ಎಂದು ಕೊಟ್ಟೆ.
ತಪ್ಪಿದಾಗೆಲ್ಲ ಎಷ್ಟು ತಪ್ಪಿತೆಂದು ಹೇಳಿದೆ,
ಬೇರೇನೂ ಹೇಳಿಕೊಡಲಿಲ್ಲ.

ಊಟಕ್ಕೆ ಕೂತಾಗ ಅಬ್ಬಾ ಕೇಳಿದರು:
"ಸೊಟ್ಟಾಗದ ಆಕಾಶ ನೀನು ನೋಡಿದ್ದೀಯಾ?"
ಇಲ್ಲ.
"ಬೇರೆ ಯಾರಾದರೂ?"
ಇಲ್ಲ.
"ಹಂಗಾದ್ರೆ ಅದು ನಿನ್ನ ಸುಳ್ಳನ್ನೇ ಬಾಯಿಪಾಠ ಮಾಡಿ
ನಿನಗೇ ಒಪ್ಪಿಸಿದರೆ?"
ಮುದ್ದೆ ಮುರಿಯುವುದು ಮರೆತು ಕೂತೆ.
ಮೂರು ವರ್ಷದಲ್ಲಿ ಯಾವ ಸಭೆಯಲ್ಲೂ
ಯಾರೂ ಇಷ್ಟು ನೆಟ್ಟಗೆ ಕೇಳಿರಲಿಲ್ಲ.

ಕೈ ತೊಳೆದು, ರಾಟೆಯಿಂದ ಒಂದು ಎಳೆ ಹಿಡಿದು
ಹೆಬ್ಬೆರಳಲ್ಲಿ ಸವರುತ್ತಾ ಹೋದರು.
"ಇಲ್ಲಿ ಸಣ್ಣಗಾಗಿದೆ ನೋಡು.
ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ
ಒದ್ದೆ ಸೊಪ್ಪು ಹಾಕಿದ್ದಾರೆ.
ಇಲ್ಲಿ ಗಂಟು. ಹಣ್ಣಾದ ಹುಳ ಸುತ್ತುವಾಗ
ಚಂದ್ರಿಕೆಗೆ ಯಾರದೋ ಮೊಣಕೈ ತಗಲಿದೆ."
ಗೂಡು ಬಂದದ್ದು ಚಿಂತಾಮಣಿ ಕಡೆಯಿಂದ.
ಆ ಮನೆ, ಆ ಹುಳ, ಆ ಮೊಣಕೈ
ಅವರು ನೋಡಿಯೇ ಇಲ್ಲ.
ನಿಜವೋ, ನಲವತ್ತು ವರ್ಷದ ಜಂಬವೋ
ನಾನು ಕೇಳಲಿಲ್ಲ.

ಜಾಲ ಪ್ರತಿ ಸಲ ಎರಡು ನಕ್ಷೆ ಕೊಡುತ್ತದೆ:
ನೆಟ್ಟಗಾದ ಆಕಾಶ,
ಮತ್ತೆ ಎಲ್ಲೆಲ್ಲಿ ಎಷ್ಟೆಷ್ಟು ಜಗ್ಗಾಟ ಎಂಬುದು.
ಎರಡನೆಯದನ್ನು ನಾನು
ಗೂಡಿನ ಮೇಲಿನ ಸಿಕ್ಕಿನಂತೆ ಕಿತ್ತು ಎಸೆಯುತ್ತಿದ್ದೆ.
ಇವತ್ತು ಮೊದಲ ಬಾರಿ ಅದನ್ನೇ ತೆರೆದೆ.
ಮುಖವಿಲ್ಲ, ಹೆಸರಿಲ್ಲ, ಬೆಳಕಂತೂ ಇಲ್ಲವೇ ಇಲ್ಲ,
ಬರೀ ಮೊಣಕೈಗಳು.

ಸುಳಿ ಸಿಗಲಿಲ್ಲ.
ಹೊಸ ಸುಳ್ಳುಗಳನ್ನು ಮಾಡಬೇಕು,
ನನಗೂ ಉತ್ತರ ಗೊತ್ತಿಲ್ಲದಂಥವು.
ಕೆಳಗೆ ಹಬೆ ಏಳುತ್ತಿದೆ.
ಅಬ್ಬಾ ಇನ್ನೂ ಕೂಗಿಲ್ಲ.
ಎಲ್ಲೋ ಎಳೆ ಕಡಿದಿರಬೇಕು,
ತುದಿಗೆ ತುದಿ ಸೇರಿಸಿ, ಉಸಿರು ಹಿಡಿದು,
ಗಂಟು ಹಾಕುತ್ತಿರಬೇಕು.